ಅರಳಿಹಾಳ ಮಿಲ್ಲಿನ ಮುದ್ರೆ

ನಾನು ಒಂದು ಉಬ್ಬು ಮುದ್ರೆ. ಅಂಚೆ ಕಚೇರಿಯಲ್ಲಿ ಡಬಡಬನೆ ಬೀಳುವ ಮಸಿಯ ಠಸ್ಸೆಯ ಜಾತಿಗೆ ಸೇರಿದವನಲ್ಲ. ನನಗೆ ಮಸಿ ಬೇಡ. ಎರಡು ಹಿತ್ತಾಳೆ ಬಿಲ್ಲೆಗಳ ನಡುವೆ ಕಾಗದವನ್ನು ತೂರಿಸಿ ಮೇಲಿನ ಕಬ್ಬಿಣದ ಹಿಡಿಯನ್ನು ಒತ್ತಿದರೆ ಸಾಕು, ಕಾಗದದ ಮೈಮೇಲೆ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಕಣ್ಣಿಗಿಂತ ಅವು ಬೆರಳಿಗೆ ಚೆನ್ನಾಗಿ ತಿಳಿಯುತ್ತವೆ.

ನಾನು ಹುಟ್ಟಿದ್ದು ಬೆಳಗಾವಿಯಲ್ಲಿ, ಮೌನೇಶಪ್ಪ ಪತ್ತಾರರ ಅಂಗಡಿಯಲ್ಲಿ, ಸ್ವಾತಂತ್ರ್ಯ ಬರುವುದಕ್ಕೆ ಒಂದು ವರ್ಷ ಮೊದಲು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂಬತ್ತು ದಿನ ನನ್ನನ್ನು ಕೆತ್ತಿದರು. ನಡುವೆ ಒಂದು ನೂಲಿನ ಕದಿರು, ಸುತ್ತಲೂ ‘ಅರಳಿಹಾಳ ಸ್ಪಿನ್ನಿಂಗ್ ಮಿಲ್ಸ್’ ಎಂಬ ಹೆಸರು. ಎಲ್ಲ ಅಕ್ಷರಗಳನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವಿ ಕೆತ್ತಬೇಕು. ‘ಳ’ ಅಕ್ಷರದ ಸುರುಳಿ ಅವರನ್ನು ಮೂರು ಸಲ ಸೋಲಿಸಿತು. ನಾಲ್ಕನೆಯ ಸಲ ಸರಿಯಾಗಿ ಬಂದಾಗ ಎದ್ದು ಹೋಗಿ ಚಹಾ ಕುಡಿದು ಬಂದರು.

ನನ್ನನ್ನು ಒಯ್ಯಲು ಅರಳಿಹಾಳದಿಂದ ಬಂದವರು ಪಾಯಪ್ಪ ಉಪಾಧ್ಯೆ. ಆಗ ಅವರಿಗೆ ಇಪ್ಪತ್ತೆಂಟು ವರ್ಷ, ಹೊಸ ಮಿಲ್ಲಿನ ಸೆಕ್ರೆಟರಿ. ಬಿಳಿ ಟೋಪಿ, ಮುಚ್ಚುಗೊರಳಿನ ಕೋಟು, ಕಿಸೆಯಲ್ಲಿ ಎರಡು ಪೆನ್ನು. ನನ್ನನ್ನು ಧೋತರದ ತುಂಡಿನಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ಊರು ಮುಟ್ಟುವವರೆಗೂ ತೊಡೆಯ ಮೇಲಿಂದ ಇಳಿಸಲಿಲ್ಲ.

ಅರಳಿಹಾಳ ಹತ್ತಿಯ ಊರು. ಸುತ್ತಲಿನ ಹತ್ತಿಯೆಲ್ಲ ಗಾಡಿ ಹತ್ತಿ ದೂರದ ಮುಂಬಯಿಗೆ ಹೋಗಿ ನೂಲಾಗುತ್ತಿತ್ತು. ‘ನಮ್ಮ ಹತ್ತಿ ನಮ್ಮೂರಾಗ ಯಾಕ ನೂಲಬಾರದು?’ ಎಂದು ಊರಿನ ಹಿರಿಯರು ಕೇಳಿ ಮಿಲ್ಲಿಗೆ ಪಾಲು ಎತ್ತಿದರು. ಸಾವಕಾರರು ನೂರಾರು ಷೇರು ಕೊಂಡರು. ಶಾಲೆಯ ಮಾಸ್ತರರು ಎರಡು, ಪಿಂಜಾರ ಇಮಾಮಸಾಬ್ ಒಂದು. ಪಾಯಪ್ಪನವರೂ ಐದು ತೆಗೆದುಕೊಂಡರು. ಆ ಷೇರು ಪತ್ರಗಳ ಮೇಲೆಲ್ಲ ಬಿದ್ದವನು ನಾನೇ. ಪಾಯಪ್ಪನವರು ಪ್ರತಿಯೊಂದನ್ನೂ ಒತ್ತಿ, ಬೆರಳಾಡಿಸಿ ನೋಡಿ, ಆಮೇಲೆ ಕೈಗೆ ಕೊಡುತ್ತಿದ್ದರು. ಇಮಾಮಸಾಬ್ ತನ್ನ ಪತ್ರವನ್ನು ತಲೆಗೆ ಒತ್ತಿಕೊಂಡು ಹೋದದ್ದು ಇನ್ನೂ ನೆನಪಿದೆ.

ಕಂಪನಿಗೆ ಕೈಯಿಲ್ಲ, ಸಹಿ ಹಾಕಲಾರದು. ಅದರ ಸಹಿಯೇ ನಾನು. ಇಬ್ಬರು ಡೈರೆಕ್ಟರುಗಳು, ಒಬ್ಬ ಸೆಕ್ರೆಟರಿ ಕೂಡಿದಾಗ ಮಾತ್ರ ನಾನು ಬೀಳಬೇಕು ಎಂಬುದು ಕಟ್ಟಳೆ. ಇಪ್ಪತ್ತೆರಡು ವರ್ಷ ಪಾಯಪ್ಪನವರು ಅದನ್ನು ತಪ್ಪಿಸಲಿಲ್ಲ. ಕಿಟಕಿಯ ಪಕ್ಕದ ಗಾಜಿನ ಬಾಗಿಲಿನ ಕಪಾಟಿನಲ್ಲಿ ನನ್ನನ್ನಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದರು.

ಮಿಲ್ಲು ಮೊದಮೊದಲು ಚೆನ್ನಾಗಿ ನಡೆಯಿತು. ಆಮೇಲೆ ಆಡಳಿತವನ್ನು ಮುಂಬಯಿಯ ಏಜೆಂಟರ ಕೈಗೆ ಕೊಟ್ಟರು. ಅವರು ಒಳ್ಳೆಯ ಹತ್ತಿಯನ್ನು ಬೇರೆ ಕಡೆ ಸಾಗಿಸಿ ಇಲ್ಲಿಗೆ ಕಸ ಕಳಿಸಿದರು. ಯಂತ್ರಗಳು ಸವೆದವು, ಹೊಸದು ಬರಲಿಲ್ಲ. ಸಾವಿರದ ಒಂಬೈನೂರ ಅರವತ್ತೆಂಟರ ಚೈತ್ರದಲ್ಲಿ ಒಂದು ದಿನ ಪಾಳಿಗೆ ಕರೆಯುವ ಮುಂಜಾನೆಯ ಭೋಂಗಾ ಕೂಗಲಿಲ್ಲ. ಗೇಟಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಏಳುನೂರು ಮಂದಿ ಕೂಲಿಕಾರರು ಅದನ್ನು ಓದಿಸಿಕೊಂಡು ಅಲ್ಲೇ ನಿಂತರು. ಅವರಲ್ಲಿ ಪಾಯಪ್ಪನವರ ಅಳಿಯ ಧರಣೇಂದ್ರನೂ ಇದ್ದ, ನೂಲುವ ಖಾತೆಯ ಜಾಬರ್, ಅಂದರೆ ಮೇಸ್ತ್ರಿ.

ನಾಲ್ಕು ತಿಂಗಳು ಮಿಲ್ಲು ಮುಚ್ಚಿತ್ತು. ಆಮೇಲೆ, ಮಿಲ್ಲನ್ನು ಐದು ವರ್ಷ ಸರಕಾರವೇ ವಹಿಸಿಕೊಳ್ಳುತ್ತದೆ, ಬರುವ ಸೋಮವಾರ ಕಂಟ್ರೋಲರು ಬಂದು ಚಾರ್ಜು ತೆಗೆದುಕೊಳ್ಳುತ್ತಾರೆ ಎಂದು ಸುದ್ದಿ ಬಂತು. ಗೇಟಿನ ಮುಂದೆ ಕೂಲಿಕಾರರು ಬೆಲ್ಲ ಹಂಚಿದರು.

ಅದರ ಮುಂಚಿನ ಶನಿವಾರ ಮಧ್ಯಾಹ್ನ ಡೈರೆಕ್ಟರ್ ಗುರುಪಾದಪ್ಪ ಹಂಚಿನಾಳ ಸಾವಕಾರರು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಅವರ ಕೈಯಲ್ಲಿ ಟೈಪು ಮಾಡಿದ ಎರಡು ಹಾಳೆ.

‘ಉಪಾಧ್ಯೆ, ಸೋಮವಾರದಿಂದ ನಾವು ಡೈರೆಕ್ಟರ್ ಅಲ್ಲ. ಕಂಪನಿ ಹೆಸರಿಲೆ ಕೋರ್ಟಿಗೆ ಹೋಗಬೇಕಂದ್ರ ಮುದ್ರಿ ಅವರ ಕೈಯಾಗ ಇರತೈತಿ. ತಮ್ಮ ಮ್ಯಾಲ ತಾವ ಕೇಸ್ ಹಾಕತಾರೇನು? ಅದಕ್ಕ ಕಂಪನಿ ಕೇಸ್ ಹಾಕಬೇಕಂತ ಮೀಟಿಂಗಿನಾಗ ಒಪ್ಪಿಧಂಗ, ಹೋದ ತಿಂಗಳ ತಾರೀಖು ಹಾಕಿ ಠರಾವು ಬರದೀನಿ. ಒಂದ ಸಲ ಒತ್ತಿಬಿಡ್ರಿ.’

‘ಹೋದ ತಿಂಗಳ ಮೀಟಿಂಗ್ ಆಗಿಲ್ರಿ, ಸಾವಕಾರ.’

‘ಆಗಿಲ್ಲ ಅಂತ ಯಾರಿಗೆ ಗೊತ್ತೈತಿ?’

‘ನನಗ ಗೊತ್ತೈತಲ್ರಿ.’

ಸಾವಕಾರರು ದನಿ ತಗ್ಗಿಸಿದರು. ಇದು ತಮ್ಮ ಒಬ್ಬರ ಕೆಲಸವಲ್ಲ, ಊರ ಮಂದಿ ಕಟ್ಟಿದ ಮಿಲ್ಲು, ತೀರಿಕೊಂಡ ಇಮಾಮಸಾಬನ ಹೆಂಡತಿಯ ಪಾಲೂ ಹೋಗುತ್ತದೆ ಎಂದರು. ಅದೇನು ಸುಳ್ಳಲ್ಲ. ಪಾಯಪ್ಪನವರ ಕೈ ನನ್ನ ಹಿಡಿಯ ಮೇಲಿತ್ತು. ಕೊನೆಗೆ ಅವರು ಕೈ ತೆಗೆದರು.

‘ಖರೇ ಹೇಳಾಕ ಸುಳ್ಳಿನ ಮ್ಯಾಲ ಕುಂಡರಾಕಾಗೂದಿಲ್ರಿ. ಸಿಟ್ಟಾಗಬ್ಯಾಡ್ರಿ.’

ಸಾವಕಾರರು ಹಾಳೆಗಳನ್ನು ಹರಿದು ನೆಲಕ್ಕೆಸೆದು ಹೋದರು. ಪಾಯಪ್ಪನವರು ಬಗ್ಗಿ ಒಂದೊಂದೇ ಚೂರನ್ನು ಆರಿಸಿದರು.

ಸೋಮವಾರ ಕಂಟ್ರೋಲರ್ ಚೆಲುವರಾಜಯ್ಯನವರು ಬಂದರು. ಮಂಡ್ಯದ ಕಡೆಯವರು, ದಪ್ಪ ಗಾಜಿನ ಕನ್ನಡಕ, ಬೇಗ ನಗುವ ಮುಖ. ಪಾಯಪ್ಪನವರು ನನ್ನನ್ನು ಬಟ್ಟೆಯಿಂದ ಒರೆಸಿ, ಕೀಲಿಗೆ ಎರಡು ಹನಿ ಎಣ್ಣೆ ಬಿಟ್ಟು, ಮೇಜಿನ ಮೇಲಿಟ್ಟು ರಸೀದಿ ಕೇಳಿದರು. ಇಪ್ಪತ್ತೆರಡು ವರ್ಷ ಒಂದೇ ಕೈಯಲ್ಲಿದ್ದ ನಾನು ಆ ದಿನ ಸರಕಾರದ ಸ್ವತ್ತಾದೆ.

ಮಿಲ್ಲು ಶುರುವಾಯಿತು. ಭೋಂಗಾ ಕೂಗಿದ ಮುಂಜಾನೆ ಹೆಂಗಸರು ಮನೆಯಿಂದ ಹೊರಗೆ ಬಂದು ನಿಂತು ಕೇಳಿದರಂತೆ. ಚೆಲುವರಾಜಯ್ಯನವರು ಹತ್ತಿಯನ್ನು ತಾವೇ ಹೋಗಿ ನೋಡಿ ಕೊಂಡರು, ಮುರಿದ ಯಂತ್ರಗಳನ್ನು ರಿಪೇರಿ ಮಾಡಿಸಿದರು. ಪಾಯಪ್ಪನವರನ್ನು ಕೆಲಸದಲ್ಲಿ ಉಳಿಸಿಕೊಂಡರು. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಆದರೆ ವರ್ಷದ ಕೊನೆಗೆ ಪಾಲುದಾರರ ಸಭೆ ನಡೆಯಲಿಲ್ಲ. ಸಭೆಯ ನೋಟಿಸು ಬರೆದು ಪಾಯಪ್ಪನವರು ಸಹಿಗೆ ಇಟ್ಟಾಗ ಚೆಲುವರಾಜಯ್ಯನವರು ತಲೆಯಾಡಿಸಿದರು.

‘ಬೇಡ ಉಪಾಧ್ಯೆಯವರೇ. ಮೇಲಿನೋರು ಬೇಡ ಅಂದಿದ್ದಾರೆ. ಅವರು ಸಭೆ ಸೇರಿ ಏನು ತೀರ್ಮಾನ ಮಾಡಿದ್ರೂ ನಡೆಯೋ ಹಾಗಿಲ್ಲ. ಸುಮ್ನೆ ಯಾಕೆ?’

‘ವರ್ಷಕ್ಕ ಒಂದ ಸಲ ಕರದು ಲೆಕ್ಕ ಹೇಳೂದೂ ಬ್ಯಾಡೇನ್ರಿ, ಸಾಹೇಬ್ರ?’

‘ಮಿಲ್ಲು ನಡೀತಾ ಇದೆಯಲ್ಲಪ್ಪ.’

ಪಾಯಪ್ಪನವರು ನೋಟಿಸನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡರು. ಮರುವಾರ ಬೆಳಗಾವಿಗೆ ಹೋಗಿ ಫೆಲಿಕ್ಸ್ ಲೋಬೊ ಎಂಬ ವಕೀಲರನ್ನು ಕಂಡರು. ಕಂಪನಿಯ ಹೆಸರಿನಲ್ಲಿ ಅಲ್ಲ, ಐದು ಷೇರಿನ ಒಬ್ಬ ಪಾಲುದಾರ ಎಂದು ತಮ್ಮ ಹೆಸರಿನಲ್ಲೇ ಜಿಲ್ಲಾ ಕೋರ್ಟಿನಲ್ಲಿ ದಾವೆ ಹೂಡಿದರು. ನಮ್ಮನ್ನು ಕೇಳದೆ ಮಿಲ್ಲನ್ನು ವಹಿಸಿಕೊಂಡದ್ದು, ಸಭೆ ಸೇರುವ ಹಕ್ಕು ಕಸಿದದ್ದು ತಪ್ಪು ಎಂಬುದು ದಾವೆಯ ತಿರುಳು. ಗುರುಪಾದಪ್ಪ ಸಾವಕಾರರು ಖರ್ಚು ತಾವು ಹಾಕುತ್ತೇವೆಂದು ಹೇಳಿ ಕಳಿಸಿದರು. ಪಾಯಪ್ಪನವರು ಬೇಡವೆಂದರು.

ಕೋರ್ಟಿನ ಸಮನ್ಸು ಬಂದ ದಿನದ ತಮಾಷೆ ನೋಡಬೇಕಿತ್ತು. ಟಪಾಲು ದಾಖಲು ಮಾಡುವವರು ಪಾಯಪ್ಪನವರೇ. ‘ಪ್ರತಿವಾದಿ: ಕಂಟ್ರೋಲರ್. ವಾದಿ: ಪಾಯಪ್ಪ ಆದಪ್ಪ ಉಪಾಧ್ಯೆ’ ಎಂದು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದುಕೊಂಡು, ನಂಬರು ಹಾಕಿ, ಎದ್ದು ಹೋಗಿ ಸಾಹೇಬರ ಮುಂದಿಟ್ಟರು.

ಚೆಲುವರಾಜಯ್ಯನವರು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ‘ನನ್ನ ಮೇಲೆ ಕೇಸು ಹಾಕಿ ನೀವೇ ತಂದು ಕೊಡ್ತೀರಲ್ರೀ!’

‘ನಿಮ್ಮ ಮ್ಯಾಲ ಅಲ್ರಿ ಸಾಹೇಬ್ರ. ನಿಮ್ಮ ಖುರ್ಚಿ ಮ್ಯಾಲ.’

ಸಾಹೇಬರು ನಕ್ಕರು. ಬೆಂಗಳೂರು ನಗಲಿಲ್ಲ. ದಾವೆ ಹಿಂತೆಗೆದುಕೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದು ಕಾಗದ ಬಂತು. ಚೆಲುವರಾಜಯ್ಯನವರು ಅದನ್ನು ಎರಡು ದಿನ ಡ್ರಾಯರಿನಲ್ಲಿಟ್ಟುಕೊಂಡಿದ್ದು, ಮೂರನೆಯ ದಿನ ಮುಖ ತಿರುಗಿಸಿ ಕೈಗೆ ಕೊಟ್ಟರು.

ಅದೇ ಸಂಜೆ ಧರಣೇಂದ್ರ ಕಚೇರಿಗೇ ಬಂದ. ತಲೆ, ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು. ಮಾವ ಮೇಜು ಖಾಲಿ ಮಾಡುತ್ತಿದ್ದರು.

‘ಮಾವಾರ, ನಾಕ ತಿಂಗಳ ಮಿಲ್ಲ ಬಂದಾಗಿದ್ದಾಗ ಸುಮತಿ ತಾಳಿ ಒತ್ತಿ ಇಟ್ಟಿದ್ಲು. ನಿಮಗ ಹೇಳಲಿಲ್ಲ. ಈಗ ಎರಡ ಹೊತ್ತು ಊಟ ಕಾಣಾಕತ್ತೀವಿ. ನೀವು ಕೇಸ್ ಗೆದ್ದ ದಿನ ನಮ್ಮ ಒಲಿ ಆರತೈತಿ. ಅದ ಬೇಕೇನು ನಿಮಗ?’

‘ಮಿಲ್ಲ ನಿಲ್ಲಿಸ್ರಿ ಅಂತ ನಾ ಕೇಳಿಲ್ಲಪಾ.’

‘ಹಂಗಾರ ಏನ ಕೇಳೀರಿ?’

ಪಾಯಪ್ಪನವರು ಹೇಳಲು ನೋಡಿದರು. ಠರಾವು, ನೋಟಿಸು, ಹಕ್ಕು. ಹೆಂಡತಿಯ ತಾಳಿ ಒತ್ತೆಯಿಟ್ಟವನ ಮುಂದೆ ಆ ಮಾತುಗಳು ನಿಲ್ಲಲಿಲ್ಲ. ಧರಣೇಂದ್ರ ಬಾಗಿಲಲ್ಲಿ ನಿಂತು ಹೇಳಿದ: ‘ಇನ್ನ ನಮ್ಮ ಮನಿಗೆ ಬರಬ್ಯಾಡ್ರಿ.’

ಅವನು ಹೋದ ಮೇಲೆ ಪಾಯಪ್ಪನವರು ಎರಡೂ ಪೆನ್ನನ್ನು ಕಿಸೆಗೆ ಸಿಕ್ಕಿಸಿಕೊಂಡು, ಕಪಾಟಿನ ಬೀಗ ಎಳೆದು ನೋಡಿ, ಹೊರಟರು. ಗೇಟಿನವರೆಗೂ ನಾನು ಕಿಟಕಿಯಿಂದ ನೋಡಿದೆ. ಪಾಳಿ ಮುಗಿಸಿ ಬರುತ್ತಿದ್ದ ಮಂದಿ ಅವರಿಗೆ ದಾರಿಯನ್ನೇನೋ ಬಿಟ್ಟರು, ನಮಸ್ಕಾರ ಮಾಡಲಿಲ್ಲ.

ಮತ್ತೆ ನಾನು ಅವರನ್ನು ಕಂಡದ್ದು ಬೆಳಗಾವಿಯ ಜಿಲ್ಲಾ ಕೋರ್ಟಿನಲ್ಲಿ. ಇದು ಹಳೆಯ ಡೈರೆಕ್ಟರುಗಳು ಒಬ್ಬ ಗುಮಾಸ್ತನನ್ನು ಮುಂದೆ ಬಿಟ್ಟು ಆಡಿಸುತ್ತಿರುವ ಆಟ ಎಂಬುದು ಸರಕಾರದ ವಾದ. ಅದನ್ನು ತೋರಿಸಲು ಮಿಲ್ಲಿನ ಠರಾವು ಪುಸ್ತಕವನ್ನೂ ನನ್ನನ್ನೂ ತರಿಸಿದ್ದರು. ನನ್ನ ಕೊರಳಿಗೆ ದಾರದಿಂದ ಒಂದು ಚೀಟಿ ಕಟ್ಟಿದರು.

ಸರಕಾರಿ ವಕೀಲರು ಕೇಳಿದರು: ‘ಮುದ್ರೆ ನಿಮ್ಮ ಹತ್ತಿರವೇ ಇತ್ತು. ಕಂಪನಿಯೇ ದಾವೆ ಹೂಡಬಹುದಿತ್ತು. ಯಾಕೆ ಹೂಡಲಿಲ್ಲ? ಡೈರೆಕ್ಟರುಗಳಿಗೆ ಇಷ್ಟವಿರಲಿಲ್ಲವೆ?’

ಲೋಬೊ ವಕೀಲರು ತಲೆ ಎತ್ತಿದರು. ಹಿಂದಿನ ಬೆಂಚಿನಲ್ಲಿ ಗುರುಪಾದಪ್ಪ ಸಾವಕಾರರು ಕುಳಿತಿದ್ದರು. ‘ನೆನಪಿಲ್ಲ’ ಎಂದಿದ್ದರೆ ಪಾರಾಗಬಹುದಿತ್ತು.

‘ಇಷ್ಟ ಇತ್ರಿ,’ ಎಂದರು ಪಾಯಪ್ಪನವರು. ‘ಹಿಂದಿನ ತಾರೀಖು ಹಾಕಿ ಠರಾವು ತಂದಿದ್ರು. ನಾ ಮುದ್ರಿ ಒತ್ತಲಿಲ್ರಿ.’

ಕೋರ್ಟಿನಲ್ಲಿ ಗುಸುಗುಸು ಎದ್ದಿತು. ಸಾವಕಾರರು ಎದ್ದು ಹೊರಗೆ ಹೋದರು. ಪಾಯಪ್ಪನವರ ಪರ ನಿಲ್ಲುತ್ತೇವೆಂದಿದ್ದ ನಾಲ್ಕಾರು ದೊಡ್ಡ ಪಾಲುದಾರರು ಅಂದೇ ಕೈಬಿಟ್ಟರು.

ಮರುದಿನ ಕಟಕಟೆ ಹತ್ತಿದವರು ಚೆಲುವರಾಜಯ್ಯನವರು. ಲೋಬೊ ವಕೀಲರು ಅವರನ್ನು ಒಂದೇ ಪ್ರಶ್ನೆ ಕೇಳಿದರು: ಈ ಮನುಷ್ಯ ಯಾರದೋ ಕೈಗೊಂಬೆ ಎಂದು ನಿಮಗೆ ಅನಿಸಿದೆಯೆ? ಸರಕಾರಿ ವಕೀಲರು ಕಣ್ಣಿನಲ್ಲೇ ಏನೋ ಹೇಳುತ್ತಿದ್ದರು. ಚೆಲುವರಾಜಯ್ಯನವರು ಅತ್ತ ನೋಡಲಿಲ್ಲ. ‘ಇಲ್ಲ ಸ್ವಾಮಿ. ಆ ಮುದ್ರೆನ ಎಣ್ಣೆ ಹಾಕಿ ಒರೆಸಿ ನನ್ನ ಕೈಗೆ ಕೊಟ್ಟೋರು ಇವರು. ಇವರನ್ನ ಆಡಿಸೋಕೆ ಯಾರಿಂದಲೂ ಆಗಲ್ಲ. ನನ್ನಿಂದಲೂ ಆಗಲಿಲ್ಲ.’

ಆದರೂ ಪಾಯಪ್ಪನವರು ಸೋತರು. ಕಾನೂನಿನ ಕಣ್ಣಿನಲ್ಲಿ ಕಂಪನಿಯೇ ಬೇರೆ ವ್ಯಕ್ತಿ, ಪಾಲುದಾರನೇ ಬೇರೆ, ಕಂಪನಿಯ ಮಿಲ್ಲನ್ನು ವಹಿಸಿಕೊಂಡರೆ ಪಾಲುದಾರನ ಸ್ವತ್ತನ್ನು ಕಸಿದಂತಲ್ಲ ಎಂದು ಜಡ್ಜರು ಹೇಳಿದರು. ಪಾಯಪ್ಪನವರು ಕೈಮುಗಿದು ಇಳಿದು ಬಂದರು. ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹೋಯಿತು.

ನಾನು ಮಾತ್ರ ಬೆಳಗಾವಿಯ ಕೋರ್ಟಿನಲ್ಲೇ ಉಳಿದೆ. ಕೊಲೆಗೆ ಬಳಸಿದ ಕುಡುಗೋಲು, ಕಳ್ಳತನದ ತಾಮ್ರದ ಹಂಡೆ, ಇವುಗಳ ನಡುವೆ ಒಂದು ಮರದ ಪೆಟ್ಟಿಗೆಯಲ್ಲಿ ನಾಲ್ಕು ವರ್ಷ. ಕೀಲಿಗೆ ಎಣ್ಣೆ ಹಾಕುವವರಿಲ್ಲದೆ ಜಂಗು ಹಿಡಿಯಿತು. ಅಷ್ಟರಲ್ಲಿ ಐದು ವರ್ಷದ ಅವಧಿ ಮುಗಿದು, ಸರಕಾರ ಯಾರಿಗೂ ಹೇಳದೆ ಅದನ್ನು ಮತ್ತೆ ಐದು ವರ್ಷ ಹಿಗ್ಗಿಸಿತ್ತಂತೆ. ಪಾಯಪ್ಪನವರು ಅದನ್ನೂ ಹೈಕೋರ್ಟಿನಲ್ಲಿ ಪ್ರಶ್ನಿಸಿದರಂತೆ.

ಎಪ್ಪತ್ನಾಲ್ಕರ ಸುಗ್ಗಿಯಲ್ಲಿ ನನ್ನನ್ನು ಅರಳಿಹಾಳಕ್ಕೆ ತಂದು ಹಳೆಯ ಕಪಾಟಿನಲ್ಲಿಟ್ಟರು. ಅಂದೇ ಚೆಲುವರಾಜಯ್ಯನವರು ಪಾಯಪ್ಪನವರನ್ನು ಕರೆಸಿ ಎದುರಿಗೆ ಕೂರಿಸಿಕೊಂಡು, ಬೆಂಗಳೂರಿನಿಂದ ಬಂದ ತೀರ್ಪನ್ನು ಓದಿ ಹೇಳಿದರು. ಪಾಯಪ್ಪನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೋಟು ಅದೇ, ಭುಜ ಮಾತ್ರ ಇಳಿದಿದ್ದವು.

ಮುಚ್ಚಿದ ಮಿಲ್ಲನ್ನು ಸರಕಾರ ವಹಿಸಿಕೊಂಡದ್ದು ಸರಿ. ಆದರೆ ಪಾಲುದಾರರನ್ನು ಒಂದು ಮಾತೂ ಕೇಳದೆ ಅವಧಿ ಹಿಗ್ಗಿಸಿದ್ದು ಸರಿಯಲ್ಲ. ಎರಡು ತಿಂಗಳೊಳಗೆ ಅವರ ಸಭೆ ಕರೆಯಬೇಕು, ಅವರ ಮಾತು ಕೇಳಿಕೊಂಡು ಆಮೇಲೆ ತೀರ್ಮಾನಿಸಬೇಕು. ಇಷ್ಟು.

‘ಅರ್ಧ ಗೆದ್ರಿ,’ ಎಂದರು ಚೆಲುವರಾಜಯ್ಯನವರು.

‘ನಾ ಅಷ್ಟ ಕೇಳಿದ್ದು, ಸಾಹೇಬ್ರ.’

ಸಭೆ ಮಿಲ್ಲಿನ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ ನಡೆಯಿತು. ನನ್ನನ್ನು ಠರಾವು ಪುಸ್ತಕದ ಜೊತೆ ಮುಂದಿನ ಮೇಜಿನ ಮೇಲಿಟ್ಟಿದ್ದರು. ಎಪ್ಪತ್ತೆರಡು ಜನ ಬಂದಿದ್ದರು. ಗೇಟಿನ ಆಚೆ ಏಳುನೂರು ಕೂಲಿಕಾರರು ನಿಂತಿದ್ದರು. ಗುರುಪಾದಪ್ಪ ಸಾವಕಾರರು ಮುಂಬಯಿಯ ಒಬ್ಬ ವ್ಯಾಪಾರಿಯೊಡನೆ ಮಾತಾಡಿ ಬಂದಿದ್ದಾರೆ, ಮಿಲ್ಲು ಕೈಗೆ ಬಂದರೆ ಯಂತ್ರಗಳನ್ನು ಬಿಚ್ಚಿ ಮಾರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಸಾವಕಾರರು ಮೊದಲು ಮಾತಾಡಿದರು. ಮಿಲ್ಲು ನಮ್ಮದು, ನಮಗೆ ವಾಪಸು ಬೇಕು ಎಂದರು. ಚಪ್ಪಾಳೆ ಬಿತ್ತು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಇಮಾಮಸಾಬನ ಹೆಂಡತಿ ಹುಸೇನಬಿ. ಗಂಡ ಸತ್ತು ಹತ್ತು ವರ್ಷವಾಗಿತ್ತು.

‘ನನಗ ಏನೂ ತಿಳ್ಯೂದಿಲ್ರೆಪಾ. ಇಷ್ಟ ವರ್ಷದಾಗ ಇದರ ಬಗ್ಗೆ ನನ್ನ ಯಾರೂ ಕೇಳಿದ್ದಿಲ್ಲ. ಮೊನ್ನಿ ನನ್ನ ಹೆಸರಿಗೆ ನೋಟೀಸ ಬಂತು. ಪೋಸ್ಟಮನ್ ಓದಿ ಹೇಳಿದ. ನಾನೂ ಬರಬೇಕಂತ. ಅದಕ್ಕ ಬಂದೀನಿ. ಉಪಾಧ್ಯೆರು ಏನ ಅಂತಾರ ಕೇಳೂನು.’

ಎಲ್ಲರೂ ಪಾಯಪ್ಪನವರ ಕಡೆ ತಿರುಗಿದರು. ಅವರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು.

‘ಮಿಲ್ಲ ಸರಕಾರದ ಕೈಯಾಗ ಇನ್ನೂ ಐದು ವರ್ಷ ಇರಲಿ,’ ಎಂದರು. ‘ಸಾಹೇಬ್ರು ಚೊಲೋ ನಡಿಸ್ಯಾರ. ನಮ್ಮ ಕೈಯಾಗ ಈಗ ಕೊಟ್ರ ಅದು ತಿಂಗಳೊಪ್ಪತ್ತಿನಾಗ ತೂಕದ ಕಬ್ಬಿಣ ಆಗತೈತಿ. ಆದ್ರ ವರ್ಷಕ್ಕ ಒಂದ ಸಲ ಹಿಂಗ ಕರೀಬೇಕು, ಹೇಳಬೇಕು, ಕೇಳಬೇಕು.’

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಸಾವಕಾರರ ಮುಖ ಕೆಂಪಾಯಿತು. ‘ಹಂಗಾರ ಐದು ವರ್ಷ ಕೋರ್ಟಿಗೆ ಯಾಕ ಅಡ್ಡ್ಯಾಡಿದ್ಯೋ, ಹುಚ್ಚಾ? ನೌಕರಿ ಕಳಕೊಂಡಿ, ಮಗಳನ್ನ ಕಳಕೊಂಡಿ. ಇದನ್ನ ಹೇಳಾಕೇನು?’

‘ಕೇಳಲಿ ಅಂತ ಹೋಗಿದ್ನಿರಿ,’ ಎಂದರು ಪಾಯಪ್ಪನವರು. ‘ಕೇಳಿದ್ರು. ಹೇಳಿದೆ.’ ಅಷ್ಟು ಹೇಳಿ ಕುಳಿತರು.

ಕೈ ಎತ್ತಿಸಿ ಎಣಿಸಿದರು. ಪಾಯಪ್ಪನವರ ಮಾತಿಗೆ ನಲವತ್ತೊಂದು ಕೈ. ಹುಸೇನಬಿ ಎರಡೂ ಕೈ ಎತ್ತಿದಳು, ಒಂದನ್ನು ಇಳಿಸಲು ಹೇಳಬೇಕಾಯಿತು. ಠರಾವು ಬರೆದಾಯಿತು. ಚೆಲುವರಾಜಯ್ಯನವರು ನನ್ನನ್ನು ಪಾಯಪ್ಪನವರ ಮುಂದೆ ಸರಿಸಿ, ‘ನೀವೇ ಒತ್ತಿ’ ಎಂದರು. ನನ್ನ ಕೀಲು ಜಂಗು ಹಿಡಿದಿತ್ತು, ಅವರ ಕೈಯಲ್ಲಿ ಬಲವಿರಲಿಲ್ಲ. ಅವರು ಒತ್ತಿದರೂ ನಾನು ಕೂರಲಿಲ್ಲ. ಆಗ ಚೆಲುವರಾಜಯ್ಯನವರು ತಮ್ಮ ಕೈಯನ್ನು ಅವರ ಕೈಮೇಲೆ ಇಟ್ಟರು. ವಾದಿ, ಪ್ರತಿವಾದಿ ಇಬ್ಬರೂ ಕೂಡಿ ಒತ್ತಿದರು.

ಸುದ್ದಿ ಗೇಟು ದಾಟಿ ಹೋಯಿತು. ಜನ ಚದುರುವ ಹೊತ್ತಿಗೆ ಧರಣೇಂದ್ರ ಒಳಗೆ ಬಂದ. ಹುಬ್ಬಿನ ಮೇಲಿನ ಹತ್ತಿಯನ್ನು ಅಂಗೈಯಿಂದ ಒರೆಸಿಕೊಂಡ. ಮಾವನ ಕೊಡೆಯನ್ನು ತಾನು ಎತ್ತಿಕೊಂಡ.

‘ನಡೀರಿ ಮಾವಾರ. ಸುಮತಿ ರೊಟ್ಟಿ ಬಡ್ಯಾಕತ್ತಾಳ.’

ಪಾಯಪ್ಪನವರು ಎದ್ದು ಅವನ ಹಿಂದೆ ನಡೆದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಪಾಲುದಾರರ ಪಟ್ಟಿಯಲ್ಲಿ ಹೆಸರು ಹಾಗೇ ಉಳಿದಿದ್ದರಿಂದ ಮರುವರ್ಷದ ಸಭೆಯ ನೋಟಿಸು ಅವರ ಹೆಸರಿಗೆ ಹೋಗಿ, ‘ವಿಳಾಸದಾರರು ತೀರಿಕೊಂಡಿದ್ದಾರೆ’ ಎಂಬ ಬರಹ ಹೊತ್ತು ಹಿಂದೆ ಬಂತು. ಚೆಲುವರಾಜಯ್ಯನವರು ಆ ದಿನ ಮಧ್ಯಾಹ್ನದ ಮೇಲೆ ಕಚೇರಿಯಲ್ಲಿ ಕೂರಲಿಲ್ಲ.

ಆಮೇಲಿನದು ಬಹಳವಿಲ್ಲ. ಮಿಲ್ಲು ಇನ್ನೂ ಹತ್ತೊಂಬತ್ತು ವರ್ಷ ನಡೆಯಿತು. ಎಷ್ಟೋ ಸಾಹೇಬರು ಬಂದರು, ಹೋದರು. ಕೆಲವರು ಸಭೆ ಕರೆದರು, ಕೆಲವರು ಮರೆತರು. ಮರೆತ ವರ್ಷ ಯಾರಾದರೂ ಒಬ್ಬ ಪಾಲುದಾರ ಹೈಕೋರ್ಟಿನ ತೀರ್ಪಿನ ನಕಲು ಹಿಡಿದುಕೊಂಡು ಬರುತ್ತಿದ್ದ. ಕೊನೆಗೆ ಹೊಸ ಕಾಲದ ಯಂತ್ರಗಳ ಮುಂದೆ ನಮ್ಮ ಮಿಲ್ಲು ನಿಲ್ಲಲಿಲ್ಲ. ಈಗ ನಾನು ಬೆಂಗಳೂರಿನಲ್ಲಿದ್ದೇನೆ, ಮುಗಿದುಹೋದ ಕಂಪನಿಗಳ ಕಾಗದಪತ್ರ ಇಡುವ ಒಂದು ಕಚೇರಿಯ ಉಕ್ಕಿನ ಕಪಾಟಿನಲ್ಲಿ. ಇಲ್ಲಿ ನನ್ನಂಥವರು ಹದಿನಾರು ಮಂದಿ. ಸಾಬೂನಿನ ಕಂಪನಿಯವನು, ಬೆಂಕಿಪೆಟ್ಟಿಗೆಯವನು, ಹಂಚಿನವನು. ಈಗಿನ ಕಂಪನಿಗಳಿಗೆ ಮುದ್ರೆ ಇರಲೇಬೇಕೆಂಬ ಕಟ್ಟಳೆಯೂ ಇಲ್ಲವಂತೆ. ನನಗೆ ಅದರ ಬೇಸರವಿಲ್ಲ. ಹಿತ್ತಾಳೆಯ ಬಿಲ್ಲೆಯಿಂದ ಯಾವ ಮಾತೂ ಸತ್ಯವಾಗುವುದಿಲ್ಲ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಕಂಪನಿ ಎಂದರೆ ಒಬ್ಬ ವ್ಯಕ್ತಿ ಎಂದು ಜಡ್ಜರು ಹೇಳಿದ್ದರು. ಇರಬಹುದು. ಎಷ್ಟೋ ವರ್ಷ ಆ ವ್ಯಕ್ತಿಯ ಸಹಿಯಾಗಿದ್ದವನು ನಾನು, ಅವನ ದನಿಯನ್ನು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ತಗಡಿನ ಚಪ್ಪರದ ಕೆಳಗೆ ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು ಎದ್ದು ನಿಂತ ದಿನ ಕೇಳಿದೆ.

ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿ ಪಟ್ಟಿ ಹಿಡಿದು ಬಂದು ಕಪಾಟು ತೆರೆಯುತ್ತಾರೆ. ನನ್ನ ಹಿಡಿಯನ್ನು ಒಮ್ಮೆ ಒತ್ತಿ ನೋಡಿ, ನನ್ನ ಹೆಸರಿನ ಮುಂದೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡು, ಬಾಗಿಲು ಹಾಕುತ್ತಾರೆ.